ನಡುನೀರಲ್ಲಿ ಕೈಬಿಡದ ಪುಸ್ತಕ ಯಾವುದು? ಕಡಲ ಕತೆಯ ನಾಲ್ಕು ತ್ರಿವಳಿಗಳ ಹೋಲಿಕೆ

ನನ್ನ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ಇದೆ. ಅದರ 312ನೇ ಪುಟದಲ್ಲಿ ಹಿರಿಯೂರು–ದಾವಣಗೆರೆ ಬಸ್ ಟಿಕೆಟ್ ಸಿಕ್ಕಿಸಿದ್ದೆ. ಇವತ್ತೂ ಅದು ಅಲ್ಲೇ ಇದೆ. ಶಾಯಿ ಪೂರ್ತಿ ಮಾಸಿದೆ. ದರ ಎಷ್ಟು, ತಾರೀಖು ಯಾವುದು, ಒಂದೂ ಕಾಣುವುದಿಲ್ಲ. ಮೊದಲ ಭಾಗವನ್ನು ಹನ್ನೊಂದು ದಿನದಲ್ಲಿ ಮುಗಿಸಿದವನು ನಾನು. ಎರಡನೇ ಭಾಗದ ಆ ಪುಟದಲ್ಲಿ ಏಳು ತಿಂಗಳು ನಿಂತುಬಿಟ್ಟೆ.

ಇದು ನನ್ನೊಬ್ಬನ ಕತೆ ಅಲ್ಲ. ನಾವು ಓದುವ ಗೆಳೆಯರು ಆರು ಜನ ಇದ್ದೇವೆ. ತಿಂಗಳಿಗೊಂದು ಭಾನುವಾರ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಸೇರುತ್ತೇವೆ. ದಾವಣಗೆರೆಯಲ್ಲಾದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇದ್ದೇ ಇರುತ್ತದೆ. ಎರಡು ವರ್ಷದಿಂದ ನಮಗೆ ಕಡಲ ಫ್ಯಾಂಟಸಿಯ ಹುಚ್ಚು ಹಿಡಿದಿದೆ. ಹಡಗು, ಹಾಯಿ, ಕಡಲುಗಳ್ಳರು, ನೀರಿನಡಿಯ ಡ್ರ್ಯಾಗನ್ನು. ಕಡಲು ನೋಡಬೇಕಾದರೆ ಘಟ್ಟ ಇಳಿಯಬೇಕಾದ ಊರಿನವರು ನಾವು. ಬಹುಶಃ ಅದಕ್ಕೇ ಈ ಕತೆಗಳ ಮೇಲೆ ಇಷ್ಟು ಆಸೆ. ನಮ್ಮ ಮಾತು ಕೇಳಿಸಿಕೊಂಡವರು, ಪುಸ್ತಕ ಕಡ ತೆಗೆದುಕೊಂಡು ಹೋದವರು, ಎಲ್ಲರೂ ಈಗ ಒಂದೇ ಪ್ರಶ್ನೆ ಕೇಳುತ್ತಾರೆ. ಮೂರು ಭಾಗದ ಕಡಲ ಕತೆ ಶುರು ಮಾಡಬೇಕು, ಯಾವುದು ತಗೊಳ್ಳಲಿ?

ನನ್ನ ಉತ್ತರ ಇಷ್ಟೇ. ಮೊದಲ ಭಾಗ ನೋಡಿ ಆರಿಸಬೇಡಿ. ಮೊದಲ ಭಾಗ ಎಲ್ಲರಿಗೂ ಇಷ್ಟವಾಗುತ್ತದೆ. ಹೊಸ ಊರು, ಹೊಸ ಹಡಗು, ಹೊಸ ಮಾಯೆ ಇರುತ್ತದೆ. ಮೂರನೆಯದನ್ನು ಹೇಗೂ ಮುಗಿಸುತ್ತೇವೆ, ಏನಾಯಿತು ಅಂತ ತಿಳಿಯಬೇಕಲ್ಲ. ಓದುಗರು ಕೈಬಿಡುವುದು ನಡುವಿನ ಪುಸ್ತಕದಲ್ಲಿ. ಹೊರಟ ದಡ ಕಾಣುವುದಿಲ್ಲ, ಸೇರುವ ದಡ ಇನ್ನೂ ದೂರ. ಹಾಗಾಗಿ ನಡುವಿನ ಪುಸ್ತಕ ನಿಮಗೆ ಒಗ್ಗುತ್ತದೆಯೇ ಅಂತ ಮೊದಲು ನೋಡಿ, ಆಮೇಲೆ ಒಂದನೇ ಭಾಗ ಕೊಳ್ಳಿ.

ದುರ್ಗದ ಓದುಗರಿಗೆ ಈ ಮಾತು ಹೊಸದಲ್ಲ. ತ.ರಾ.ಸು. ಅವರ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಓದಿ ಬೆಳೆದ ಮನೆಗಳು ಇಲ್ಲಿ ಬೇಕಾದಷ್ಟಿವೆ. ನಮ್ಮಮ್ಮ ಆ ಮೂರರಲ್ಲಿ ನಡುವಿನ ‘ರಕ್ತರಾತ್ರಿ’ಯನ್ನೇ ಮೊದಲು ಓದಿದರಂತೆ. ಲೈಬ್ರರಿಯಲ್ಲಿ ಅವತ್ತು ಸಿಕ್ಕಿದ್ದು ಅದೊಂದೇ. ಹಿಂದಿನದು ಗೊತ್ತಿಲ್ಲ, ಮುಂದಿನದು ಕೈಯಲ್ಲಿಲ್ಲ, ಆದರೂ ರಾತ್ರಿಯೆಲ್ಲ ಕೂತು ಓದಿದೆ ಅಂತಾರೆ. ನಡುವಿನ ಪುಸ್ತಕಕ್ಕೆ ಅಂಥ ಬಲ ಇರಬಹುದು ಅಂತ ನಾನು ನಂಬಿದ್ದೇ ಅವರ ಮಾತಿನಿಂದ.

ಏನೇನು ನೋಡಬೇಕು

ನಾವು ನೋಡುವುದು ಐದು ವಿಷಯ. ಮೊದಲನೆಯದು, ಎರಡನೇ ಭಾಗ ತನ್ನಷ್ಟಕ್ಕೆ ಒಂದು ಕತೆ ಮುಗಿಸುತ್ತದೆಯೋ, ಅರ್ಧಕ್ಕೆ ನಿಲ್ಲಿಸಿ ಮೂರನೆಯದಕ್ಕೆ ಕೈ ತೋರಿಸುತ್ತದೆಯೋ. ಅರ್ಧಕ್ಕೆ ನಿಲ್ಲುವುದೇ ತಪ್ಪು ಅಂತಲ್ಲ. ಆದರೆ ಮೂರನೆಯದು ಕೈಯಲ್ಲಿರಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಎರಡನೆಯದು, ಮೊದಲ ಭಾಗದಲ್ಲಿ ಹಚ್ಚಿಕೊಂಡವರು ಎರಡನೆಯದರಲ್ಲೂ ಜೊತೆಗಿರುತ್ತಾರೋ ಇಲ್ಲವೋ. ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ಜಗಳ ಆಗಿರುವುದು ಈ ವಿಷಯಕ್ಕೆ. ಕೆಲವು ಲೇಖಕರು ನಡುವಿನ ಪುಸ್ತಕವನ್ನು ಹೊಸಬರ ಕೈಗೆ ಕೊಡುತ್ತಾರೆ. ನಾವು ಪ್ರೀತಿಸಿದವನು ದೂರದಲ್ಲಿ ಎಲ್ಲೋ ನಿಂತಿರುತ್ತಾನೆ. ಕೆಲವರಿಗೆ ಅದು ಮೋಸ ಅನಿಸುತ್ತದೆ. ಕೆಲವರಿಗೆ ಅದೇ ಚೆಂದ.

ಮೂರನೆಯದು ಕಡಲು. ಕಡಲ ಕತೆ ಅಂತ ಕೊಂಡ ಮೇಲೆ ಕಡಲು ಇರಬೇಕು, ಅಲ್ವಾ? ಇರುತ್ತದೆ ಅಂತ ಗ್ಯಾರಂಟಿ ಇಲ್ಲ. ನಾಲ್ಕನೆಯದು ಹೊತ್ತು ಮತ್ತು ಭಾಷೆ. ಪುಟ ಎಷ್ಟು, ಇಂಗ್ಲಿಷ್ ಎಷ್ಟು ಕಷ್ಟ. ನಾನು ಈ ನಾಲ್ಕು ತ್ರಿವಳಿಗಳನ್ನೂ ಓದಿದ್ದು ಇಂಗ್ಲಿಷಿನಲ್ಲೇ. ಕನ್ನಡ ಮೀಡಿಯಂನಲ್ಲಿ ಓದಿದವನು ನಾನು, ಹಾಗಾಗಿ ಈ ಲೆಕ್ಕ ನನಗೆ ಮುಖ್ಯ. ಐದನೆಯದು ದುಡ್ಡು. ಅದನ್ನು ಕೊನೆಗೆ ಹೇಳುತ್ತೇನೆ.

ಹುಚ್ಚು ಹಡಗು

ರಾಬಿನ್ ಹಾಬ್ ಅವರ ‘ಲೈವ್‌ಶಿಪ್ ಟ್ರೇಡರ್ಸ್’ ತ್ರಿವಳಿಯಿಂದ ಶುರು ಮಾಡೋಣ. ‘ಶಿಪ್ ಆಫ್ ಮ್ಯಾಜಿಕ್’ 1998ರಲ್ಲಿ ಬಂತು, ‘ದಿ ಮ್ಯಾಡ್ ಶಿಪ್’ 1999ರಲ್ಲಿ, ‘ಶಿಪ್ ಆಫ್ ಡೆಸ್ಟಿನಿ’ 2000ದಲ್ಲಿ. ಬಸ್ ಟಿಕೆಟ್ ಇರುವುದು ನಡುವಿನ ‘ಮ್ಯಾಡ್ ಶಿಪ್’ನಲ್ಲಿ.

ಇದರ ಹಡಗುಗಳು ಒಂದು ವಿಶೇಷ ಮರದವು. ಮುಂಭಾಗದಲ್ಲಿ ಒಂದು ಬೊಂಬೆ ಕೆತ್ತಿರುತ್ತಾರೆ. ಒಂದೇ ಮನೆತನದ ಮೂರು ತಲೆಮಾರಿನವರು ಆ ಹಡಗಿನ ಮೇಲೆ ಪ್ರಾಣ ಬಿಟ್ಟ ಮೇಲೆ ಬೊಂಬೆ ಕಣ್ಣು ತೆರೆದು ಮಾತಾಡುತ್ತದೆ. ಅಪ್ಪನ ಜೊತೆ ಕಡಲಲ್ಲೇ ಬೆಳೆದ ಕಿರಿ ಮಗಳು ಆಲ್ಥಿಯಾ, ಹಡಗು ನನಗೇ ಅಂತ ನಂಬಿರುತ್ತಾಳೆ. ಅದು ಅಕ್ಕನ ಪಾಲಿಗೆ ಹೋಗುತ್ತದೆ. ಅಂದರೆ ಅಕ್ಕನ ಗಂಡನ ಕೈಗೆ. ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಪಾಲಿನ ಜಗಳ ಕಂಡವರಿಗೆ ಈ ನೋವನ್ನು ಬಿಡಿಸಿ ಹೇಳಬೇಕಿಲ್ಲ. ತೋಟದ ಬದಲು ಹಡಗು ಅಷ್ಟೆ. ಆ ಹಡಗಿಗೂ ಮನಸ್ಸಿದೆ, ಅದಕ್ಕೂ ನೋವಾಗುತ್ತದೆ.

‘ಮ್ಯಾಡ್ ಶಿಪ್’ ಅಂದರೆ ಪ್ಯಾರಗಾನ್ ಎಂಬ ಇನ್ನೊಂದು ಹಡಗು. ತನ್ನ ಮೇಲೆ ಹತ್ತಿದವರನ್ನು ಕೊಂದಿದೆ ಎಂಬ ಹೆಸರು ಹೊತ್ತು, ವರ್ಷಗಟ್ಟಲೆ ಮರಳ ದಂಡೆಯಲ್ಲಿ ಬಿದ್ದಿದೆ. ಬೊಂಬೆಯ ಕಣ್ಣುಗಳನ್ನು ಯಾರೋ ಕೊಚ್ಚಿ ಹಾಕಿದ್ದಾರೆ. ಕುರುಡ ಹಡಗು, ಒಂಟಿ ಹಡಗು. ಮಗುವಿನ ಹಾಗೆ ಹಟ ಮಾಡುತ್ತದೆ, ಸಿಟ್ಟು ಬಂದರೆ ಭಯ ಹುಟ್ಟಿಸುತ್ತದೆ. ಅದನ್ನು ಮತ್ತೆ ನೀರಿಗಿಳಿಸುವುದು ಈ ಪುಸ್ತಕದ ಜೀವ. ಆ ಭಾಗ ಓದುವಾಗ ನಾನು ಎರಡು ಸಲ ಪುಸ್ತಕ ಮುಚ್ಚಿ ಎದ್ದು ಓಡಾಡಿದೆ.

ಹಾಗಾದರೆ ಏಳು ತಿಂಗಳು ಯಾಕೆ ನಿಂತೆ? ಪುಟ ಜಾಸ್ತಿ. ಮುದ್ರಣಕ್ಕೆ ತಕ್ಕ ಹಾಗೆ 800ರಿಂದ 900 ಪುಟ ಇದೆ. ಕತೆ ಒಬ್ಬರ ಬೆನ್ನು ಹಿಡಿದು ಹೋಗುವುದಿಲ್ಲ. ಆಲ್ಥಿಯಾ, ಅವಳ ಅಮ್ಮ, ಅಕ್ಕ, ಅಕ್ಕನ ಮಗಳು, ಅಕ್ಕನ ಮಗ, ಕಡಲುಗಳ್ಳರ ನಾಯಕ ಕೆನಿಟ್, ಹಡಗುಗಳು, ನೀರಿನಡಿಯ ಹಾವುಗಳು, ಎಲ್ಲರಿಗೂ ಸರದಿ ಬರುತ್ತದೆ. ಒಂದು ವಾರ ಪುಸ್ತಕ ಮುಟ್ಟದಿದ್ದರೆ ಎಳೆ ತಪ್ಪುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬರು ನರ್ಸ್ ಇದ್ದಾರೆ. ರಾತ್ರಿ ಡ್ಯೂಟಿಯ ಬಿಡುವಿನಲ್ಲಿ ಮೊಬೈಲಿನಲ್ಲಿ ಓದುತ್ತಾರೆ. ಹತ್ತು ನಿಮಿಷ ಓದು, ಬೆಲ್ ಆದರೆ ಏಳು. ಹಾಗೆ ಓದಿದರೆ ಈ ಪುಸ್ತಕ ಕೈಗೆ ಸಿಗುವುದೇ ಇಲ್ಲ ಅಂತ ಅವರು ಬೇಜಾರಾಗಿದ್ದರು. ಆಮೇಲೆ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಯಾರು ಯಾವ ಹಡಗಿನಲ್ಲಿದ್ದಾರೆ ಅಂತ ಬರೆದು ಫ್ರಿಜ್ಜಿಗೆ ಅಂಟಿಸಿಕೊಂಡರು. ಮುಗಿಸಿದರು. ಈಗ ಅವರಿಗೆ ನಾಲ್ಕರಲ್ಲಿ ಇದೇ ಅಚ್ಚುಮೆಚ್ಚು.

ಈ ಪುಸ್ತಕದ ಬಗ್ಗೆ ಓದುಗರು ಹೆಚ್ಚು ಮಾತಾಡುವುದು ಮಾಲ್ಟಾ ಬಗ್ಗೆ. ಅಕ್ಕನ ಮಗಳು ಅಂದೆನಲ್ಲ, ಅವಳೇ. ಮೊದಲ ಭಾಗದಲ್ಲಿ ಅವಳನ್ನು ಕಂಡರೆ ಮೈ ಉರಿಯುತ್ತದೆ. ಸೀರೆ-ಒಡವೆ ಬಿಟ್ಟು ಬೇರೆ ಚಿಂತೆ ಇಲ್ಲದ ಹುಡುಗಿಯರು ಇರುತ್ತಾರಲ್ಲ, ಹಾಗೆ. ನಡುವಿನ ಪುಸ್ತಕದಲ್ಲಿ ಮನೆ ಕುಸಿಯುತ್ತಿರುವುದು ಅವಳಿಗೆ ನಿಧಾನಕ್ಕೆ ಕಾಣತೊಡಗುತ್ತದೆ. ಬದಲಾವಣೆ ಒಂದು ದಿನದಲ್ಲಿ ಆಗುವುದಿಲ್ಲ. ಎರಡು ಹೆಜ್ಜೆ ಮುಂದೆ, ಒಂದು ಹಿಂದೆ. ಒಂದು ಪುಸ್ತಕದಲ್ಲಿ ದ್ವೇಷಿಸಿದವಳಿಗೋಸ್ಕರ ಮುಂದಿನದರಲ್ಲಿ ಕಣ್ಣೀರು ಹಾಕುವುದು ಸಣ್ಣ ಅನುಭವ ಅಲ್ಲ. ಅದಕ್ಕೆ 800 ಪುಟ ಬೇಕೇ ಬೇಕು ಅಂತ ಈಗ ನಾನು ಒಪ್ಪುತ್ತೇನೆ.

ಹಿರಿಯೂರಿನ ಗೆಳೆಯ ಒಬ್ಬ ಬ್ಯಾಂಕಿನಲ್ಲಿದ್ದಾನೆ. ಅವನು ಹೇಳಿದ ಮಾತು ಇಲ್ಲಿ ಸರಿ ಹೊಂದುತ್ತದೆ. ‘ಮೊದಲ ಭಾಗದಲ್ಲಿ ಮಳೆ ಬರುತ್ತೆ. ಎರಡರಲ್ಲಿ ಡ್ಯಾಂ ತುಂಬುತ್ತೆ. ಕೋಡಿ ಬೀಳೋದು ಮೂರರಲ್ಲಿ.’ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ. ನೀರು ಇಂಚಿಂಚೇ ಏರುವುದನ್ನು ನೋಡುತ್ತ ಕೂರುವ ತಾಳ್ಮೆ ಅವನ ಊರಿನವರಿಗಿದೆ. ಆ ತಾಳ್ಮೆ ನಿಮಗಿದ್ದರೆ ಈ ತ್ರಿವಳಿಗಿಂತ ದೊಡ್ಡ ಸುಖ ಇಲ್ಲ. ಇಲ್ಲದಿದ್ದರೆ ಬೇರೆ ನೋಡಿ.

ಒಂದು ಎಚ್ಚರಿಕೆ. ಇದರಲ್ಲಿ ಗುಲಾಮರ ಸಾಗಾಟ ಬರುತ್ತದೆ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ಬರುತ್ತದೆ. ಹದಿನಾರರ ಮಕ್ಕಳಿಗೆ ಕೊಡುವ ಮೊದಲು ಮನೆಯಲ್ಲಿ ದೊಡ್ಡವರು ಓದಿ ನೋಡುವುದು ಒಳ್ಳೆಯದು. ಮತ್ತೆ, ಎರಡನೇ ಭಾಗ ಹಲವು ಎಳೆಗಳನ್ನು ಬಿಚ್ಚಿಟ್ಟೇ ಮುಗಿಯುತ್ತದೆ. ಮೂರನೆಯದು ಪಕ್ಕದಲ್ಲಿಲ್ಲದೆ ಇದರ ಕೊನೆಯ ನೂರು ಪುಟಕ್ಕೆ ಕೈ ಹಾಕಬೇಡಿ.

ಕಡಲೇ ಇಲ್ಲದ ಕಡಲ ಪುಸ್ತಕ

‘ಮಾಮ, ಇದ್ರಲ್ಲಿ ಸಮುದ್ರಾನೇ ಇಲ್ಲ!’

ನನ್ನ ಅಕ್ಕನ ಮಗಳು ಹೀಗೆ ಕೂಗಿದ್ದು ಉರ್ಸುಲಾ ಲೆ ಗ್ವಿನ್ ಅವರ ‘ದಿ ಟೂಂಬ್ಸ್ ಆಫ್ ಅಟುವಾನ್’ ಕೈಯಲ್ಲಿ ಹಿಡಿದು. ಅವಳು ಎರಡನೇ ಪಿಯುಸಿ. ‘ಎ ವಿಝರ್ಡ್ ಆಫ್ ಅರ್ತ್‌ಸೀ’ 1968ರದು. ಅದರಲ್ಲಿ ಗೆಡ್ ಎಂಬ ಹುಡುಗ ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ತಿರುಗುತ್ತಾನೆ. ಪುಸ್ತಕದ ತುಂಬ ನೀರು, ಗಾಳಿ, ಅಲೆ. 1971ರ ಎರಡನೇ ಭಾಗ ತೆರೆದರೆ ಒಣ ನೆಲ, ಕಲ್ಲುಗಳು, ನೆಲದಡಿಯ ಕತ್ತಲೆ. ಗೆಡ್ ಬರುವುದು ಎಷ್ಟೋ ಪುಟ ಕಳೆದ ಮೇಲೆ. ಮೂರನೆಯದು, 1972ರ ‘ದಿ ಫಾರ್ದೆಸ್ಟ್ ಶೋರ್’, ಮತ್ತೆ ಕಡಲಿಗೆ ಇಳಿಯುತ್ತದೆ.

ನನ್ನ ಎರಡು ಅಳತೆಗಳಲ್ಲಿ ಈ ಪುಸ್ತಕ ಸೋಲಬೇಕು. ಕೊನೆಯ ಕೆಲವು ಪುಟ ಬಿಟ್ಟರೆ ಕಡಲಿಲ್ಲ. ಹಚ್ಚಿಕೊಂಡವನೂ ಇಲ್ಲ. ಆದರೂ ಒಂದೇ ಪುಸ್ತಕ ಕೊಡಿ ಅಂತ ಯಾರಾದರೂ ಕೇಳಿದರೆ ನಾನು ಕೊಡುವುದು ಇದನ್ನೇ.

ಟೆನಾರ್ ಎಂಬ ಪುಟ್ಟ ಹುಡುಗಿಯನ್ನು ಐದು ವರ್ಷದವಳಿದ್ದಾಗಲೇ ಮನೆಯಿಂದ ಕರೆದುಕೊಂಡು ಹೋಗುತ್ತಾರೆ. ಸತ್ತ ಪೂಜಾರಿಣಿಯೇ ಮತ್ತೆ ಹುಟ್ಟಿ ಬಂದಿದ್ದಾಳೆ ಎಂಬ ನಂಬಿಕೆ. ಅವಳ ಹೆಸರು ಕಿತ್ತುಕೊಂಡು ‘ಅರ್ಹಾ’ ಅಂತ ಕರೆಯುತ್ತಾರೆ. ತಿನ್ನಲ್ಪಟ್ಟವಳು ಅಂತ ಅರ್ಥ. ಗೋರಿಗಳ ಕೆಳಗಿನ ನೆಲಮಾಳಿಗೆಯಲ್ಲಿ ದೀಪ ಹಚ್ಚುವಂತಿಲ್ಲ. ಅಲ್ಲಿನ ದಾರಿಗಳನ್ನು ಅವಳು ಕೈಯಿಂದ ಮುಟ್ಟಿ, ತಿರುವು ಎಣಿಸಿ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಅಕ್ಕನ ಮಗಳು ಪುಸ್ತಕ ವಾಪಸ್ ಕೊಟ್ಟಳು. ನಾನು ಒತ್ತಾಯ ಮಾಡಲಿಲ್ಲ. ಮುಂದಿನ ಭಾನುವಾರ ನಮ್ಮ ಸಭೆ ಚಿತ್ರದುರ್ಗದಲ್ಲಿತ್ತು. ಅವಳನ್ನೂ ಕರೆದುಕೊಂಡು ಚಂದ್ರವಳ್ಳಿಗೆ ಹೋದೆವು. ಅಂಕಲಿ ಮಠದ ಗುಹೆ ನೋಡಿದವರಿಗೆ ಗೊತ್ತು. ಮೆಟ್ಟಿಲಿಳಿದು ಒಳಗೆ ಹೋದ ಹಾಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಬಗ್ಗಿ ನುಸುಳಬೇಕು. ಅಲ್ಲಿ ದಾರಿ ತೋರಿಸುವವರು ಟಾರ್ಚ್ ಆರಿಸಿದರು. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಮುಖದ ಮುಂದೆ ಹಿಡಿದ ಅಂಗೈ ಕಾಣಲಿಲ್ಲ. ಅವಳು ಗೋಡೆಗೆ ಕೈ ಇಟ್ಟು ಬಾಗಿಲು ಎಲ್ಲಿದೆ ಅಂತ ತಡಕಿದಳು. ಕಲ್ಲು ತಣ್ಣಗಿತ್ತು. ಯಾರೂ ಮಾತಾಡಲಿಲ್ಲ. ಅರ್ಧ ನಿಮಿಷ ಇರಬಹುದು, ಅಷ್ಟೆ. ಟಾರ್ಚ್ ಹತ್ತಿದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ: ‘ಆ ಹುಡುಗಿ ಇಂಥಾ ಕಡೆ ಒಬ್ಬಳೇ ಇರ್ತಾಳಾ?’ ಮನೆಗೆ ಬಂದು ಪುಸ್ತಕ ಮತ್ತೆ ಇಸಿದುಕೊಂಡಳು. ಮೂರು ದಿನಕ್ಕೆ ಮುಗಿಸಿದಳು.

ದುರ್ಗದ ಹೈಸ್ಕೂಲ್ ಮೇಷ್ಟ್ರು ನಮ್ಮ ಗುಂಪಿನ ಹಿರಿಯರು. ಅವರ ಪ್ರಕಾರ ನಡುವಿನ ಪುಸ್ತಕ ಹೇಗಿರಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಕತೆ ತನ್ನಷ್ಟಕ್ಕೆ ಪೂರ್ತಿ ಮುಗಿಯುತ್ತದೆ. ಮೊದಲ ಭಾಗ ಓದದವರೂ ಓದಬಹುದು. ಹಳೆಯ ನಾಯಕನನ್ನು ಹೊಸಬಳ ಕಣ್ಣಿನಿಂದ ನೋಡುತ್ತೇವೆ, ಹೊರಗಿನಿಂದ. ಆಗ ಅವನು ಎಷ್ಟು ದೊಡ್ಡವನಾಗಿದ್ದಾನೆ ಅಂತ ತಿಳಿಯುತ್ತದೆ. 1972ರಲ್ಲಿ ಇದಕ್ಕೆ ನ್ಯೂಬೆರಿ ಆನರ್ ಬಂತು. ಮಕ್ಕಳ ಪುಸ್ತಕಗಳಿಗೆ ಕೊಡುವ ದೊಡ್ಡ ಮನ್ನಣೆ ಅದು. ಕತೆ ಸುಮಾರು 150 ಪುಟ ಅಷ್ಟೆ. ಇಂಗ್ಲಿಷ್ ತಿಳಿ. ವಾಕ್ಯಗಳು ನಿಧಾನ, ಆದರೆ ಗೋಜಲಿಲ್ಲ.

ನಾಲ್ಕನೇ ಭಾಗ ‘ಟೆಹಾನು’ 1990ರಲ್ಲಿ ಬಂತು. ಅದರ ನಡುವೆ ನಿಲ್ಲುವವಳು ಇದೇ ಟೆನಾರ್. ಹಾಗಾಗಿ ಎರಡನೆಯದನ್ನು ಹಾರಿಸಿ ಮುಂದೆ ಹೋಗುವ ಯೋಚನೆ ಇದ್ದರೆ ಬೇಡ.

ಯಾರಿಗೆ ಇದು ಬೇಡ? ಹಡಗಿನ ಮೇಲೆ ನಿಲ್ಲಬೇಕು, ಯುದ್ಧ ಬೇಕು, ಪುಟಪುಟಕ್ಕೂ ಏನಾದರೂ ಆಗುತ್ತಿರಬೇಕು ಅನ್ನುವವರಿಗೆ. ಅಂಥವರು ಮೊದಲ ನಲವತ್ತು ಪುಟದಲ್ಲಿ ಬೇಸತ್ತು ಬಿಡುತ್ತಾರೆ, ಅದು ಅವರ ತಪ್ಪೂ ಅಲ್ಲ.

ನೆಲದ ಮೇಲೆ ಎಳೆದ ಹಡಗು

ಜೋ ಅಬರ್‌ಕ್ರೊಂಬಿ ಅವರ ‘ಶ್ಯಾಟರ್ಡ್ ಸೀ’ ತ್ರಿವಳಿಯಲ್ಲಿ ‘ಹಾಫ್ ಎ ಕಿಂಗ್’ 2014ರದು. ‘ಹಾಫ್ ದಿ ವರ್ಲ್ಡ್’, ‘ಹಾಫ್ ಎ ವಾರ್’ ಎರಡೂ 2015ರವು. ಮೊದಲ ಭಾಗದಲ್ಲಿ ಯಾರ್ವಿ ಎಂಬ ರಾಜಕುಮಾರ. ಒಂದು ಕೈ ಹುಟ್ಟಿನಿಂದಲೇ ಊನ. ಅವನನ್ನು ಗುಲಾಮನಾಗಿ ಮಾರಿ ಹಡಗಿನಲ್ಲಿ ಹುಟ್ಟು ಹಾಕಲು ಕೂರಿಸುತ್ತಾರೆ. ಅವನ ಜೊತೆ ಅಷ್ಟು ಕಷ್ಟ ಅನುಭವಿಸಿ ಎರಡನೇ ಭಾಗಕ್ಕೆ ಬಂದರೆ ಕತೆ ಥಾರ್ನ್ ಎಂಬ ಹುಡುಗಿ, ಬ್ರ್ಯಾಂಡ್ ಎಂಬ ಹುಡುಗನ ಕೈಗೆ ಹೋಗಿರುತ್ತದೆ. ಯಾರ್ವಿ ಇದ್ದಾನೆ. ಆದರೆ ಈಗ ಅವನ ಮನಸ್ಸಿನೊಳಗೆ ನಮಗೆ ಜಾಗ ಇಲ್ಲ. ಅವನು ಏನು ಲೆಕ್ಕ ಹಾಕುತ್ತಿದ್ದಾನೆ ಅಂತ ನಾವು ಊಹಿಸಬೇಕು.

ನನ್ನ ಬ್ಯಾಂಕಿನ ಗೆಳೆಯನಿಗೆ ಇದು ಸರಿ ಬರಲಿಲ್ಲ. ಯಾರ್ವಿಯನ್ನು ಬಿಟ್ಟು ಬೇರೆಯವರ ಕತೆ ನನಗ್ಯಾಕೆ ಅಂತ ಐವತ್ತು ಪುಟಕ್ಕೆ ನಿಲ್ಲಿಸಿದ. ಅಕ್ಕನ ಮಗಳಿಗೆ ಮೊದಲಿನದಕ್ಕಿಂತ ಇದೇ ಇಷ್ಟ. ಥಾರ್ನ್ ಯೋಧೆ ಆಗಬೇಕು ಅಂತ ಹಟ ಹಿಡಿದವಳು. ಅಭ್ಯಾಸದಲ್ಲಿ ಆದ ಒಂದು ಸಾವಿಗೆ ಅವಳಿಗೆ ತರಬೇತಿ ಕೊಟ್ಟವನೇ ಕೊಲೆಗಾತಿ ಪಟ್ಟ ಕಟ್ಟುತ್ತಾನೆ. ಕಂಡಿದ್ದನ್ನು ಕಂಡ ಹಾಗೆ ಹೇಳಿದ ತಪ್ಪಿಗೆ ಬ್ರ್ಯಾಂಡ್ ಯೋಧರ ಸಾಲಿನಲ್ಲಿ ಸಿಗಬೇಕಿದ್ದ ಜಾಗ ಕಳೆದುಕೊಳ್ಳುತ್ತಾನೆ. ಇಬ್ಬರೂ ಒಂದೇ ಹಡಗು ಹತ್ತುತ್ತಾರೆ. ನಾನು ಅವಳ ಪಕ್ಷ. ಹೊಸಬರನ್ನು ತಂದು ನಿಲ್ಲಿಸಿದರೂ ಈ ಪುಸ್ತಕ ಹತ್ತೇ ಪುಟದಲ್ಲಿ ಅವರನ್ನು ನಮ್ಮವರನ್ನಾಗಿ ಮಾಡುತ್ತದೆ.

ಇಲ್ಲಿ ಕಡಲಿಗಿಂತ ನದಿ ಜಾಸ್ತಿ. ಹಡಗು ಉತ್ತರದಿಂದ ದಕ್ಷಿಣಕ್ಕೆ ನದಿಯಲ್ಲಿ ಹೋಗುತ್ತದೆ. ಒಂದು ನದಿ ಮುಗಿದು ಇನ್ನೊಂದು ಶುರುವಾಗುವವರೆಗೆ ನಡುವೆ ಬೆಟ್ಟದ ನೆಲ. ಅಲ್ಲಿ ಹಡಗನ್ನು ನೀರಿನಿಂದ ಎತ್ತಿ ಹಗ್ಗ ಕಟ್ಟಿ ಜನರೇ ಎಳೆಯುತ್ತಾರೆ. ನಾಯಕನಹಟ್ಟಿ ತೇರಿನ ಹಗ್ಗಕ್ಕೆ ಕೈ ಕೊಟ್ಟವರು ಈ ಪುಟಗಳನ್ನು ಅಂಗೈಯಲ್ಲೇ ಓದುತ್ತಾರೆ.

ಸುಮಾರು 400 ಪುಟ. ಅಧ್ಯಾಯ ಚಿಕ್ಕವು, ಇಂಗ್ಲಿಷ್ ನೇರ. ಬಸ್ಸಿನಲ್ಲಿ ದಿನಾ ಓಡಾಡುವವರು ಒಂದು ಕಡೆಯ ಪ್ರಯಾಣದಲ್ಲಿ ಎರಡು ಅಧ್ಯಾಯ ಆರಾಮಾಗಿ ಮುಗಿಸಬಹುದು. ಪ್ರಯಾಣದ ಕತೆ ಇದರಲ್ಲೇ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ, ಹಾಗಾಗಿ ಮೂರನೆಯದಕ್ಕೆ ತಿಂಗಳು ಕಾದರೂ ನಡೆಯುತ್ತದೆ. ಮೂರನೆಯದರಲ್ಲಿ ಮತ್ತೆ ಹೊಸ ಮುಖಗಳು ಮುಂದೆ ಬರುತ್ತವೆ ಅನ್ನುವುದು ಮಾತ್ರ ಗೊತ್ತಿರಲಿ. ರಕ್ತಪಾತ ಇದೆ. ಆಳ, ಹಾಬ್ ಅವರ ಪುಸ್ತಕದಷ್ಟಿಲ್ಲ. ಇಂಗ್ಲಿಷ್ ಕಾದಂಬರಿ ಈಗಷ್ಟೇ ಶುರು ಮಾಡುತ್ತಿರುವವರಿಗೆ ನನ್ನ ಮೊದಲ ಸಲಹೆ ಇದು.

ಮೂಳೆಯ ಹಡಗು

ಹಡಗೇ ಬೇಕು, ಅಲೆಯೇ ಬೇಕು ಅನ್ನುವವರಿಗೆ ಆರ್.ಜೆ. ಬಾರ್ಕರ್ ಅವರ ‘ಟೈಡ್ ಚೈಲ್ಡ್’ ತ್ರಿವಳಿ. ‘ದಿ ಬೋನ್ ಶಿಪ್ಸ್’ 2019, ‘ಕಾಲ್ ಆಫ್ ದಿ ಬೋನ್ ಶಿಪ್ಸ್’ 2020, ‘ದಿ ಬೋನ್ ಶಿಪ್ಸ್ ವೇಕ್’ 2021. ಇಲ್ಲಿ ಹಡಗು ಕಟ್ಟುವುದು ಮರದಿಂದಲ್ಲ, ಕಡಲ ಡ್ರ್ಯಾಗನ್ನಿನ ಮೂಳೆಯಿಂದ. ಡ್ರ್ಯಾಗನ್ನುಗಳು ಅಳಿದುಹೋಗಿ ತಲೆಮಾರುಗಳೇ ಕಳೆದಿವೆ, ಹಾಗಾಗಿ ಮೂಳೆಗೆ ಬರ. ಸಾವಿನ ಶಿಕ್ಷೆ ಬಿದ್ದವರನ್ನು ಕಪ್ಪು ಹಡಗುಗಳಿಗೆ ಹಾಕುತ್ತಾರೆ. ಅಂಥ ಒಂದು ಹಡಗು ಟೈಡ್ ಚೈಲ್ಡ್. ಅದರ ನಾಯಕಿ ಮಿಯಾಸ್, ಅವಳ ಕೈಕೆಳಗೆ ಜೊರಾನ್.

ನಡುವಿನ ಪುಸ್ತಕದಲ್ಲೂ ಇವರೇ ಜೊತೆಗಿದ್ದಾರೆ. ಯಾರನ್ನೂ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಿಲ್ಲ. ಒಂದು ಹಡಗಿನ ಹೊಟ್ಟೆಯಲ್ಲಿ ಸಾಯುತ್ತಿರುವ ಜನರನ್ನು ತುಂಬಿರುವುದು ಕಣ್ಣಿಗೆ ಬಿದ್ದಲ್ಲಿಂದ ಕತೆ ಬಿಗಿಯಾಗುತ್ತದೆ. ಕುಡುಕನಾಗಿದ್ದ ಜೊರಾನ್ ಜವಾಬ್ದಾರಿ ಹೊರುವವನಾಗುವುದನ್ನು ನೋಡಲಿಕ್ಕೆ ಈ ಭಾಗ ಓದಬೇಕು. ಗಾಳಿಯನ್ನು ಕರೆಯುವ ಹಕ್ಕಿಯಂಥ ಜೀವಿ ಒಂದಿದೆ, ಗಲ್ಲೇಮ್ ಅಂತ. ನಮ್ಮ ಗುಂಪಿನಲ್ಲಿ ಅದನ್ನು ಇಷ್ಟಪಡದವರು ಯಾರೂ ಇಲ್ಲ.

ಕಷ್ಟ ಇರುವುದು ಮಾತುಗಳಲ್ಲಿ. ಕ್ಯಾಪ್ಟನ್ ಅನ್ನುವುದಿಲ್ಲ, ಗಂಡಾಗಲಿ ಹೆಣ್ಣಾಗಲಿ ‘ಶಿಪ್‌ವೈಫ್’. ಹಡಗಿನ ಆಳುಗಳಿಗೆ ‘ಡೆಕ್‌ಚೈಲ್ಡ್’. ಇಂಗ್ಲಿಷಿನಲ್ಲಿ ಹಡಗನ್ನು ಹೆಣ್ಣಾಗಿ ಕರೆಯುವ ರೂಢಿ, ಇಲ್ಲಿ ‘ಅವನು’. ಮೊದಲ ಭಾಗದ ಮೊದಲ ನೂರು ಪುಟ ಇದಕ್ಕೇ ಹೋಗುತ್ತದೆ. ಎರಡನೆಯದಕ್ಕೆ ಬರುವ ಹೊತ್ತಿಗೆ ನಾಲಿಗೆ ಪಳಗಿರುತ್ತದೆ. ಅದಕ್ಕೇ ನಮ್ಮಲ್ಲಿ ಬಹಳ ಜನಕ್ಕೆ ಮೊದಲಿನದಕ್ಕಿಂತ ಎರಡನೆಯದು ಬೇಗ ಓಡಿತು. 500ರ ಆಸುಪಾಸು ಪುಟ. ಕೊನೆ ಭಾರವಾಗಿದೆ. ಅದನ್ನು ಹೇಳುವುದಿಲ್ಲ, ಯಾಕೆಂದರೆ ನನಗೆ ಅದು ಮೊದಲೇ ಗೊತ್ತಾಗಿ ಬಹಳ ಬೇಜಾರಾಗಿತ್ತು.

ಆಗಿದ್ದು ಹೀಗೆ. ಆನ್‌ಲೈನ್‌ನಲ್ಲಿ ಎರಡನೇ ಭಾಗ ಆರ್ಡರ್ ಮಾಡಿದ್ದೆ. ಬಂದಿದ್ದು ಮೂರನೆಯದು. ಹೆಸರು ನೋಡಿದಿರಲ್ಲ, ಮೂರರಲ್ಲೂ ‘ಬೋನ್ ಶಿಪ್’. ಕವರ್ ಹರಿದು ಪುಸ್ತಕ ತಿರುಗಿಸಿ ಹಿಂಬದಿಯ ನಾಲ್ಕು ಸಾಲು ಓದಿದೆ. ನಡುವಿನ ಪುಸ್ತಕದ ಕೊನೆ ಅಲ್ಲೇ ಇತ್ತು. ಪುಸ್ತಕ ವಾಪಸ್ ಹೋಯಿತು, ಓದಿದ ಸಾಲು ವಾಪಸ್ ಹೋಗಲಿಲ್ಲ. ಮೂರನೇ ಭಾಗದ ಹಿಂಬದಿ ಎಂದೂ ಓದಬೇಡಿ. ಆರ್ಡರ್ ಮಾಡುವಾಗ ಎಷ್ಟನೇ ಭಾಗ ಅಂತ ಎರಡು ಸಲ ನೋಡಿ. ‘ಹಾಫ್’ ಪುಸ್ತಕಗಳಿಗೂ ಇದೇ ಮಾತು.

ದುಡ್ಡಿನ ಲೆಕ್ಕ

ನಮ್ಮ ಎರಡೂ ಊರಿನ ಅಂಗಡಿಗಳಲ್ಲಿ ಮುಂದಿನ ಸಾಲಿನಲ್ಲಿರುವುದು ಪಠ್ಯಪುಸ್ತಕ, ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು. ಇವು ನೇರವಾಗಿ ಸಿಗುವುದು ಕಷ್ಟ, ಹೇಳಿದರೆ ತರಿಸಿಕೊಡುವವರು ಇದ್ದಾರೆ. ತರಿಸುವಾಗ ಮೂರು ಭಾಗವೂ ಸಿಗುತ್ತದೆಯೇ ಅಂತ ಮೊದಲೇ ಕೇಳಿ. ಒಂದು, ಮೂರು ಸಿಕ್ಕಿ ಎರಡು ಸಿಗದ ಅನುಭವ ನಮಗೆ ಆಗಿದೆ.

ಬಜೆಟ್ ಕಡಿಮೆ ಇದ್ದರೆ ‘ಅರ್ತ್‌ಸೀ’ ತಗೊಳ್ಳಿ. ಪುಸ್ತಕ ತೆಳ್ಳಗಿದೆ. ಮೊದಲ ನಾಲ್ಕು ಭಾಗ ಒಂದೇ ರಟ್ಟಿನೊಳಗೆ ಸೇರಿಸಿದ ಮುದ್ರಣವೂ ಇದೆ. ಬೆಂಗಳೂರಿಗೆ ಹೋದಾಗ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಹುಡುಕಿ ನೋಡಿ. 2018ರ ದೊಡ್ಡ ಸಚಿತ್ರ ಸಂಪುಟ ತುಂಬ ಚೆಂದ, ಆದರೆ ಅದು ಕೈಯಲ್ಲಿ ಹಿಡಿದು ಮಲಗಿ ಓದುವ ತೂಕದ್ದಲ್ಲ, ದುಬಾರಿ ಕೂಡ. ಹಾಬ್ ಅವರ ಮೂರು ದಪ್ಪ ಪುಸ್ತಕಕ್ಕೆ ಒಟ್ಟು ಖರ್ಚು ಹೆಚ್ಚು. ಆದರೆ ಪುಟದ ಲೆಕ್ಕ ಹಾಕಿದರೆ ಅಗ್ಗ. ಮೂರು ತಿಂಗಳು ಬೇರೆ ಪುಸ್ತಕ ಬೇಕಾಗುವುದಿಲ್ಲ.

ಯಾವುದಾದರೂ ಸರಿ, ಕೊಳ್ಳುವ ಮೊದಲು ಎರಡನೇ ಭಾಗದ ಉಚಿತ ಸ್ಯಾಂಪಲ್ ಮೊಬೈಲಿಗೆ ಇಳಿಸಿಕೊಳ್ಳಿ. ಪೂರ್ತಿ ಓದಬೇಡಿ, ಕತೆ ಬಯಲಾಗುತ್ತದೆ. ಮೂರೇ ಪುಟ ಸಾಕು. ಯಾರ ಕಣ್ಣಿನಿಂದ ಕತೆ ಹೇಳುತ್ತಿದ್ದಾರೆ, ಭಾಷೆ ಹೇಗಿದೆ, ನಡೆ ಎಷ್ಟು ನಿಧಾನ, ಇಷ್ಟು ತಿಳಿಯುತ್ತದೆ. ನರ್ಸ್ ಗೆಳತಿ ಈಗ ಆಡಿಯೋದಲ್ಲಿ ಕೇಳುತ್ತಾರೆ. ‘ಹಾಫ್ ದಿ ವರ್ಲ್ಡ್’ ಹಾಗೆ ಕೇಳಲಿಕ್ಕೆ ಚೆನ್ನಾಗಿದೆಯಂತೆ. ‘ಮ್ಯಾಡ್ ಶಿಪ್’ ಮಾತ್ರ ಕೇಳುವುದಕ್ಕಿಂತ ಓದುವುದೇ ವಾಸಿ ಅಂತಾರೆ, ಹೆಸರು ಮರೆತರೆ ಹಿಂದೆ ತಿರುಗಿಸಿ ನೋಡಬೇಕಲ್ಲ.

ಈಗಾಗಲೇ ಸಿಕ್ಕಿಬಿದ್ದಿದ್ದರೆ

ಎರಡನೇ ಭಾಗದ ನಡುವೆ ನಿಂತವರು ನನಗೆ ಹೇಳುವುದು ಒಂದೇ: ಮತ್ತೆ ಮೊದಲಿನಿಂದ ಓದಬೇಕಾ? ಬೇಡ. ನಿಂತ ಪುಟದಿಂದ ಎರಡು ಅಧ್ಯಾಯ ಹಿಂದೆ ಹೋಗಿ ಶುರು ಮಾಡಿ. ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ನಾನು ಮಾಡಿದ್ದು ಅಷ್ಟೇ. ದಿನಕ್ಕೆ ಇಪ್ಪತ್ತು ಪುಟ, ಊಟ ಆದ ಮೇಲೆ. ಪ್ಯಾರಗಾನ್ ನೀರಿಗಿಳಿದ ದಿನ ಲೆಕ್ಕ ಮರೆತು ರಾತ್ರಿ ಎರಡರವರೆಗೆ ಓದಿದೆ.

ಇನ್ನೊಂದು ಪರೀಕ್ಷೆ ಇದೆ. ಪುಸ್ತಕ ಮುಚ್ಚಿ ಒಂದು ವಾರ ಆದ ಮೇಲೆ ಅದರಲ್ಲಿ ಯಾರ ನೆನಪು ಬರುತ್ತದೆ ನೋಡಿ. ಸ್ನಾನ ಮಾಡುವಾಗಲೋ, ಸಿಗ್ನಲ್ಲಿನಲ್ಲಿ ನಿಂತಾಗಲೋ ಒಬ್ಬರಾದರೂ ನೆನಪಾದರೆ ಅವರಿಗೋಸ್ಕರ ಮುಂದುವರಿಸಿ. ಯಾರೂ ನೆನಪಾಗದಿದ್ದರೆ ಧೈರ್ಯವಾಗಿ ಬಿಟ್ಟುಬಿಡಿ, ಪುಸ್ತಕವನ್ನು ಬೇರೆ ಯಾರಿಗಾದರೂ ಕೊಡಿ. ಬ್ಯಾಂಕಿನ ಗೆಳೆಯ ಬಿಟ್ಟ ‘ಹಾಫ್ ದಿ ವರ್ಲ್ಡ್’ ಹಾಗೆ ನನ್ನ ಹತ್ತಿರ ಬಂತು, ನನ್ನಿಂದ ಅಕ್ಕನ ಮಗಳ ಹತ್ತಿರ. ಅವಳಿಗೆ ಮುಂದೆ ಏನು ಕೊಡುವುದು ಅಂತ ಕಳೆದ ಸಭೆಯಲ್ಲಿ ಅರ್ಧ ಗಂಟೆ ಚರ್ಚೆ ಆಯಿತು. ಮೇಷ್ಟ್ರು ‘ಟೆಹಾನು’ ಅಂದರು, ನರ್ಸ್ ಗೆಳತಿ ಮೂಳೆಯ ಹಡಗು ಅಂದರು. ಪರೀಕ್ಷೆ ಮುಗಿದು ಎರಡು ತಿಂಗಳು ರಜೆ ಇದೆ, ಅವಳಿಗೆ ಹಡಗೇ ಬೇಕು. ಹಾಗಾಗಿ ಮೂಳೆಯ ಹಡಗಿನ ಮೂರೂ ಭಾಗ ಒಟ್ಟಿಗೆ ಕಟ್ಟಿ ಇಟ್ಟಿದ್ದೇನೆ. ಮೂರನೆಯದಕ್ಕೆ ಹಳೇ ಪೇಪರಿನಲ್ಲಿ ರಟ್ಟು ಹಾಕಿದ್ದೇನೆ, ಹಿಂಬದಿ ಕಾಣದ ಹಾಗೆ.